ಐದು ಉದ್ದ, ಒಂದು ಗಿಡ್ಡ

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿದ್ದ ಆ ಕಾಲದಲ್ಲಿ ನಾಗಣಸೂರಿನ ಕಡೆ ಬಾವಿ ತೋಡಲು ಯಂತ್ರ ಬರುತ್ತಿರಲಿಲ್ಲ. ಆರು ಮಂದಿ ಬರುತ್ತಿದ್ದರು. ಅವರಲ್ಲೊಬ್ಬ ನನ್ನಪ್ಪ. ಬಂಡೆಗೆ ತೂತು ಕೊರೆದು, ಮದ್ದು ತುಂಬಿ, ಬತ್ತಿಗೆ ಬೆಂಕಿ ಕೊಟ್ಟು ಹಗ್ಗ ಹಿಡಿದು ಮೇಲೆ ಹತ್ತಿ ಬರುವರು. ಮದ್ದಿನ ಘಾಟು, ಬುತ್ತಿಯ ಶೇಂಗಾ ಹಿಂಡಿಯ ವಾಸನೆ, ಎರಡೂ ಕೂಡಿದ್ದೇ ನನ್ನ ಆ ಬೇಸಿಗೆ.

ಒಮ್ಮೊಮ್ಮೆ ಮದ್ದು ಹಾರುತ್ತಿರಲಿಲ್ಲ, ಸಿಡಿಯದೆ ಉಳಿಯುತ್ತಿತ್ತು. ಆಗ ಒಬ್ಬ ಇಳಿದು ನೋಡಲೇಬೇಕು. ಅದಕ್ಕೊಂದು ಪದ್ಧತಿಯಿತ್ತು: ಐದು ಉದ್ದ, ಒಂದು ಗಿಡ್ಡ ಜೋಳದ ಕಡ್ಡಿಗಳನ್ನು ಮಗುವಿನ ಮುಷ್ಟಿಯಲ್ಲಿಟ್ಟು ಎಳೆಯುವುದು. ಗಿಡ್ಡ ಬಂದವನು ಇಳಿಯಬೇಕು. ಮಕ್ಕಳು ಮೋಸ ಮಾಡುವುದಿಲ್ಲವೆಂದು ನಂಬಿಕೆ. ಆಟದ ಕಲ್ಲು ಬಿಟ್ಟು ಓಡಿ ಹೋಗಿ, ಒಂಬತ್ತು ವರ್ಷದ ನಾನೇ ಮುಷ್ಟಿ ಹಿಡಿಯುತ್ತಿದ್ದೆ.

ಅಂದು ಮದ್ದು ಹಾರದಿದ್ದಾಗ ಅವ್ವ ಬುತ್ತಿ ತಂದು ನಿಂತಿದ್ದಳು.

“ನಾಕ್ ಸಲ ತಪ್ಪಿಸ್ಕೊಂಡೀರಿ. ಇವತ್ತ ನಿಮ್ಮ ಪಾಳಿ ಬರ್ತದ, ಎಳೀಬ್ಯಾಡ್ರಿ.”

“ಹುಚ್ಚಿ, ಕಡ್ಡಿಗೇನ್ ಹಿಂದಿಂದು ನೆನಪಿರ್ತದೇನ? ಆರರಾಗ ಐದು ನಮ್ ಕಡಿನ ಅದಾವ.”

“ಉಳದದ್ದೊಂದು?”

ಆರು ಮಂದಿಯಲ್ಲೊಬ್ಬನಾದ ನನ್ನ ಗೆಳತಿ ಶಾಂತಿಯ ಅಪ್ಪ ನಕ್ಕ: “ಅದನ್ನ ನಮಗ ಬಿಡ್ತಾರ್ರಿ ವೈನಿ. ನಿಮ್ಮ ಯಜಮಾನ್ರ ಕೈ ಭಾಳ ಶಾಣ್ಯಾ!”

ಗಿಡ್ಡದು ನನ್ನ ಹೆಬ್ಬೆರಳಿನ ಕೆಳಗಿತ್ತು. ಅಪ್ಪ ಮೊದಲು ಬಂದು ಅದನ್ನೇ ಹಿಡಿದ. ನಾನು ಮುಷ್ಟಿ ಬಿಗಿ ಮಾಡಿದೆ. ಅಪ್ಪ ನನ್ನ ಮುಖ ನೋಡಿದ. ತಿಳಿಯಿತು ಅವನಿಗೆ. ಹಿಂದೆ ತಿರುಗಿ ಸರದಿಯಲ್ಲಿ ನಿಂತಿದ್ದ ಶಾಂತಿಯ ಅಪ್ಪನನ್ನೂ ನೋಡಿದ.

“ಬಿಡು, ತಾಯಿ,” ಅಂದ ಮೆಲ್ಲಗೆ.

ಬಿಟ್ಟೆ.

ಅಪ್ಪ ಇಳಿದ. ಹಗ್ಗ ಸಡಿಲಾಗಿ ನಿಂತಿತು. ಆಮೇಲೆ ಮದ್ದು ಹಾರಿತು.

ಅಪ್ಪನ ಲೆಕ್ಕ ತಪ್ಪಿರಲಿಲ್ಲ. ಅಂದು ಐದು ಮನೆಗಳಲ್ಲಿ ಒಲೆ ಹೊತ್ತಿತು.

ಮುಂದೆ ಸೋಲಾಪುರದ ಪೇಟೆಯಲ್ಲಿ ಚಾದರ ಮಾರಿ ನನ್ನ ಬಾಳು ನಾನೇ ಕಟ್ಟಿಕೊಂಡೆ. ವ್ಯಾಪಾರಕ್ಕಿಳಿಯುವ ಹುಡುಗಿಯರಿಗೆ ಈಗಲೂ ಹೇಳುತ್ತೇನೆ: ಯಾರಾದರೂ ‘ಆರರಲ್ಲಿ ಐದು’ ಅಂದರೆ ಸುಳ್ಳೆನ್ನಬೇಡಿ; ಉಳಿದ ಒಂದು ಬಂದರೆ ತಾಳಿಕೊಳ್ಳಲಾದೀತೇ, ಅದನ್ನು ಮೊದಲು ನೋಡಿಕೊಳ್ಳಿ. ತಾಳದಿದ್ದರೆ ಕೈ ಹಾಕಬೇಡಿ. ಅಪ್ಪನಿಗೆ ಹಾಗೆ ಬೇಡವೆನ್ನುವ ದಾರಿ ಇರಲಿಲ್ಲ.

ಈಗ ಬಾವಿಗೆ ಯಂತ್ರ ಬರುತ್ತದೆ, ಕಡ್ಡಿ ಎಳೆಯುವವರಿಲ್ಲ. ನನ್ನನ್ನು ತಾಯಿ ಎಂದು ಕರೆಯುವವರೂ ಇಲ್ಲ. ಚೌಕಾಸಿಯಲ್ಲಿ ಈ ಮುದುಕಿಯ ಹಿಡಿತ ಬಿಡಿಸಿದವರು ಯಾರೂ ಇಲ್ಲವೆಂದು ಪೇಟೆಯವರು ಅನ್ನುತ್ತಾರೆ.

ಒಮ್ಮೆ ಬಿಟ್ಟಿದ್ದೇನೆ.