ಪ್ಲಾಸ್ಟಿಕ್ ಕಾಳು ಹಸನು ಮಾಡುತ್ತಿದ್ದ ಆಯಿ

ನನ್ನ ಕೈಯಲ್ಲಿ ಇವತ್ತಿಗೂ ಹತ್ತು ಬೆರಳಿವೆ. ಇದರಲ್ಲೇನು ದೊಡ್ಡಸ್ತಿಕೆ ಎಂದು ನೀವು ಕೇಳಬಹುದು. ಎಂಬತ್ತರ ಆಸುಪಾಸಿನ ಇಚಲಕರಂಜಿಯಲ್ಲಿ ಮದುವೆಗೆ ನಿಂತ ಗಂಡಾಗಿದ್ದರೆ ಕೇಳುತ್ತಿರಲಿಲ್ಲ. ಅಲ್ಲಿ ಹೆಣ್ಣು ಕೊಡುವವರು ಹುಡುಗನ ಹೊಲ ಮನೆ ವಿಚಾರಿಸುವ ಮೊದಲೇ ಎಲೆಅಡಿಕೆ ತಟ್ಟೆ ಮುಂದೆ ಸರಿಸುತ್ತಿದ್ದರು. ಅವನು ಕೈ ಚಾಚಿದಾಗ ಮೆಲ್ಲಗೆ ಬೆರಳು ಎಣಿಸುತ್ತಿದ್ದರು. ಮಗ್ಗ, ಪ್ರೆಸ್ಸು, ಹಲ್ಲಿನ ಗಾಲಿಗಳ ಊರು ಅದು. ಒಂದೆರಡು ಬೆರಳು ಕೊಟ್ಟು ಕೂತವರು ಓಣಿಗೊಬ್ಬರಾದರೂ ಸಿಗುತ್ತಿದ್ದರು.

ನಾನು ಗಡಹಿಂಗ್ಲಜ ಕಡೆಯ ಕುರಿ ಕಾಯುವ ಮನೆತನದವನು. ಅಪ್ಪನಿಗೆ ಸಂಜೆ ಕುರಿ ಎಣಿಸದಿದ್ದರೆ ರೊಟ್ಟಿ ಇಳಿಯುತ್ತಿರಲಿಲ್ಲ. ಅಂಥವನ ಮಗ ನಾನು ಕೊಲ್ಹಾಪುರಕ್ಕೆ ಹೋಗಿ, ಆರು ತಿಂಗಳು ಪ್ಲಾಸ್ಟಿಕ್ ಸಾಮಾನು ಮಾಡುವ ಕೆಲಸ ಕಲಿತು, ಮೊಹರು ಒತ್ತಿದ ಸರ್ಟಿಫಿಕೇಟು ತಂದೆ. ಕುರಿಯ ಬೆನ್ನ ಮೇಲಿನ ಕೆಂಪು ಗುರುತು ಬಿಟ್ಟರೆ ನಮ್ಮ ವಂಶಕ್ಕೆ ಬಿದ್ದ ಮೊದಲ ಮೊಹರು ಅದೇ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಾನು ಆ ಕಾಗದಕ್ಕೆ ಕಟ್ಟು ಹಾಕಿಸಿ, ಮನೆಯಲ್ಲಿ ದೇವರ ಫೋಟೋಗಿಂತ ಒಂದು ಗೇಣು ಮೇಲೆ ತೂಗುಹಾಕಿದ್ದೆ.

ಕೆಲಸ ಸಿಕ್ಕಿದ್ದು ಇಚಲಕರಂಜಿಯ ಶಹಾಪುರದಲ್ಲಿ, ಒಬ್ಬ ಜೈನ ಮಾಲಕರ ಸಣ್ಣ ಕಾರ್ಖಾನೆಯಲ್ಲಿ. ಮಗ್ಗದ ಲಾಳಿಯೊಳಗೆ ನೂಲು ಸುತ್ತಿಡುವ ಕಾಂಡಿಗಳನ್ನು ನಾವು ಪ್ಲಾಸ್ಟಿಕ್ಕಿನಲ್ಲಿ ಮಾಡುತ್ತಿದ್ದೆವು. ಯಂತ್ರ ಕೈಯದು. ಮೇಲೆ ಬಾಯಿಗೆ ಪ್ಲಾಸ್ಟಿಕ್ ಕಾಳು ಸುರಿಯಬೇಕು, ನಡುವೆ ಹೀಟರು ಅದನ್ನು ಕರಗಿಸುತ್ತದೆ, ಉದ್ದನೆಯ ಹ್ಯಾಂಡಲ್ ಜಗ್ಗಿದರೆ ಕೆಳಗಿನ ಮೂತಿಯಿಂದ ಇಳಿದು ಅಚ್ಚಿನೊಳಗೆ ತುಂಬುತ್ತದೆ. ಕೇಳಲು ಸರಳ. ಆದರೆ ಆ ಕರಗಿದ ಪ್ಲಾಸ್ಟಿಕ್ ಮೈಮೇಲೆ ಬಿದ್ದರೆ ಜಾಡಿಸಿದರೂ ಹೋಗುವುದಿಲ್ಲ, ಚರ್ಮ ಹಿಡಿದುಕೊಂಡೇ ಕೂರುತ್ತದೆ.

ಮಾಲಕರ ತಾಯಿಯನ್ನು ಎಲ್ಲರೂ ಆಯಿ ಎನ್ನುತ್ತಿದ್ದೆವು. ನೀರನ್ನು ಬಟ್ಟೆಯಲ್ಲಿ ಸೋಸದೆ ಕುಡಿಯದ, ಹೊತ್ತು ಮುಳುಗಿದ ಮೇಲೆ ಬಾಯಿಗೆ ತುತ್ತು ಇಡದ ಮುದುಕಿ. ದಿನಾ ಮುಂಜಾನೆ ಕಾರ್ಖಾನೆಗೆ ಬಂದು, ಪ್ಲಾಸ್ಟಿಕ್ ಕಾಳನ್ನು ಬಿದಿರಿನ ಮೊರದಲ್ಲಿ ಹಾಕಿಕೊಂಡು ಕೇರಿ, ಜೋಳ ಹಸನು ಮಾಡಿದಂತೆ ಒಂದೊಂದೇ ನೋಡಿ ಕೊಡುತ್ತಿದ್ದಳು. ಆಕೆ ಕೊಡುವ ತನಕ ಒಂದು ಕಾಳೂ ಯಂತ್ರಕ್ಕೆ ಬೀಳುವಂತಿರಲಿಲ್ಲ.

ಮೊದಲ ದಿನವೇ ನನ್ನ ಪಿತ್ತ ನೆತ್ತಿಗೇರಿತು. "ಆಯಿ, ಇದೇನ ಜ್ವಾಳ ಏನ್ರಿ ಹಸನ ಮಾಡಾಕ? ಕೊಲ್ಹಾಪುರದಾಗ ಹಿಂಗ ಯಾರೂ ಕಲಿಸಿಲ್ಲ ನೋಡ್ರಿ."

"ಕೊಲ್ಹಾಪುರದಾಗ ಇರುವಿ ಇಲ್ಲೇನಪಾ?" ಎಂದಳು ಆಕೆ, ತಲೆಯೆತ್ತದೆ. "ನೀವು ಬೆಲ್ಲದ ಚಾ ಕುಡದು ಚೀಲದ ಮ್ಯಾಲ ಕಪ್ಪ ಇಡ್ತೀರಿ. ಇರುವಿ ಬರತಾವ. ಜೀವಂತ ಇರುವಿನ್ನ ಸುಟ್ಟು ಕಾಂಡಿ ಮಾಡಿದರ ಆ ಪಾಪ ಯಾರ ತಗೋತಾರು, ನಿನ್ನ ಸರ್ಟಿಫಿಕೇಟ?"

ಎಲ್ಲರೂ ನಕ್ಕರು. ನಾನು ಆ ಸಿಟ್ಟನ್ನು ಹ್ಯಾಂಡಲಿನ ಮೇಲೆ ತೀರಿಸಿಕೊಂಡೆ.

ಹೀಗಿರುವಾಗ ಮುರಗೂಡದ ಸೋದರತ್ತೆ ಒಂದು ಸಂಬಂಧ ತಂದಳು. ಹುಡುಗಿಯನ್ನು ನಾನು ಅತ್ತೆಯ ಮನೆಯಲ್ಲೇ ನೋಡಿದೆ. ಚಾ ಕೊಟ್ಟು ಹಿಂತಿರುಗುವಾಗ ಆಕೆ ಅತ್ತೆಯ ಕಿವಿಯಲ್ಲಿ, "ಪ್ಲಾಸ್ಟಿಕ್ ಸುಟ್ಟ ವಾಸನಿ ಬರಾಕತ್ತೈತಲ್ರೀ" ಎಂದದ್ದು ನನಗೂ ಕೇಳಿಸಿತು. ಅಷ್ಟಕ್ಕೇ ನಾನು ಮನಸೋತೆ. ಆಕೆಯನ್ನು ಬಿಟ್ಟರೆ ಬೇರೆ ಹೆಣ್ಣು ಬೇಡ ಎಂದು ಅತ್ತೆಯ ಮುಂದೆ ಹಟ ಹಿಡಿದೆ.

ಆದರೆ ಹುಡುಗಿಯ ಅಪ್ಪ ಸುಲಭದ ಆಸಾಮಿಯಲ್ಲ. ಮೂವತ್ತು ವರ್ಷ ಮಗ್ಗ ಹೊಡೆದವರು, ಬಲಗೈಯಲ್ಲಿ ಎರಡು ಬೆರಳಿಲ್ಲ. ಅವರು ಹೇಳಿ ಕಳಿಸಿದ್ದು ಇಷ್ಟೇ: "ಹೊಲಾ ಬ್ಯಾಡ, ಬಂಗಾರ ಬ್ಯಾಡ. ಹುಡುಗಗ ಹತ್ತ ಬೆರಳ ಇರಬೇಕು. ಮುಂದೂ ಹತ್ತ ಉಳಿಯೂವಂಗ ಕೆಲಸಾ ಮಾಡ್ತಿರಬೇಕು. ಸೋಮವಾರ ನಾನಾ ಬಂದು ನೋಡ್ತೇನಿ. ಸರಿ ಅನಸಲಿಲ್ಲಂದ್ರ ಮಾತ ಅಲ್ಲಿಗೇ ಮುಗೀತು."

ಸೋಮವಾರ ಬಂತು. ಯಾವ ಬುದ್ಧಿವಂತನೂ ಮಾಡದ್ದನ್ನು ನಾನು ಮಾಡಿದೆ: ದಪ್ಪ ಖಾಕಿ ಅಂಗಿಯನ್ನು ಗೂಟಕ್ಕೆ ಬಿಟ್ಟು ಹೊಸ ಟೆರಿಲಿನ್ ಅಂಗಿ ತೊಟ್ಟೆ. ಕಿಡಿ ತಾಗಿದರೆ ಆ ಬಟ್ಟೆ ಮೈಗೆ ಅಂಟಿಕೊಳ್ಳುತ್ತದೆ ಎಂದು ತರಬೇತಿಯ ಮೊದಲ ದಿನವೇ ಹೇಳಿಕೊಟ್ಟಿದ್ದರು. ಇರಲಿ, ತೋಳಿಗೆ ಫಳಫಳ ಹೊಳೆಯುವ ಉಕ್ಕಿನ ಗುಂಡಿಗಳಿದ್ದವಲ್ಲ! ಬೂಟಿನ ಬದಲು ಕರಕರ ಸಪ್ಪಳ ಮಾಡುವ ಕೊಲ್ಹಾಪುರಿ ಚಪ್ಪಲಿ. ತಲೆಗೆ ಎಣ್ಣೆ. ಆಹಾ, ಕಾಂಡಿ ಮಾಡಲು ಹೊರಟಿದ್ದೆನೋ, ಬೀಗರ ಮನೆಗೆ ಹೊರಟಿದ್ದೆನೋ!

ಅವತ್ತು ಚತುರ್ದಶಿ. ಆಯಿ ಬಸದಿಗೆ ಹೊರಟು ಬಾಗಿಲಲ್ಲಿ ನಿಂತಳು. "ನಾ ಬರೂತನಕಾ ಕಾಳ ಹಾಕಬ್ಯಾಡ. ಅವಸರಿದ್ದರ ನೀನಾ ಹಸನ ಮಾಡಿ ಹಾಕು. ತಿಳೀತಿಲ್ಲೋ?"

"ಹೌದ್ರಿ ಆಯಿ, ತಿಳೀತ್ರಿ."

ತಿಳಿದದ್ದು ಕಿವಿಗೆ ಮಾತ್ರ. ಹೆಣ್ಣು ಕೊಡುವ ಮಾವ ಬಾಗಿಲಲ್ಲಿ ಬಂದು ನಿಂತಾಗ ನಾನು ಮೊರ ಹಿಡಿದು ಕಾಳು ಕೇರುತ್ತಾ ಕೂತಿರಬೇಕೇ? ಛೆ! ಮೊಹರು ಬಿದ್ದ ಮನುಷ್ಯ ನಾನು. ಮಾಲಕರು ಇನ್ನೊಂದು ಖೋಲಿಯಲ್ಲಿದ್ದರು. ಚೀಲದಲ್ಲಿ ಮೊಣಕೈವರೆಗೆ ಕೈ ತೂರಿಸಿ, ಡಬ್ಬಿಯಲ್ಲಿ ಕಾಳು ಬಾಚಿ, ಗಲಗಲ ಯಂತ್ರದ ಬಾಯಿಗೆ ಸುರಿದೆ.

ಅವರು ಬಂದರು. ತಲೆಗೆ ಬಿಳಿ ಪಟಗ. ಬಲಗೈಯನ್ನು ಎಡಗೈಯಲ್ಲಿ ಮುಚ್ಚಿಕೊಂಡು ಗೋಡೆಗೆ ನಿಂತರು. ನಾನು ಹ್ಯಾಂಡಲ್ ಜಗ್ಗಿದೆ. ಒಂದು ಕಾಂಡಿ ಬಂತು, ಎರಡು ಬಂದವು, ಐದಾರು ಚೊಕ್ಕಟವಾಗಿ ಬಂದವು. ವಾರೆಗಣ್ಣಿನಿಂದ ನೋಡಿದೆ. ಅವರ ಮುಖದಲ್ಲಿ ಏನೂ ಇರಲಿಲ್ಲ.

ಏಳನೆಯದು ಅರ್ಧವೇ ಬಂತು. ಎಂಟನೆಯದು ಬರಲೇ ಇಲ್ಲ.

ಮೂತಿ ಕಟ್ಟಿದಾಗ ಮಾಡಬೇಕಾದದ್ದು ನನಗೆ ಗೊತ್ತಿತ್ತು. ಹ್ಯಾಂಡಲ್ ಮೇಲೆತ್ತಿ ಒತ್ತಡ ಬಿಡಬೇಕು, ಹೀಟರು ಆರಿಸಬೇಕು, ಬದಿಗೆ ನಿಂತು ತಾಳಬೇಕು. ಪರೀಕ್ಷೆಯಲ್ಲಿ ಇದನ್ನೇ ಬರೆದು ಶಾಬಾಸ್ ಅನ್ನಿಸಿಕೊಂಡವನು ನಾನು. ಆದರೆ ಮಾವ ನೋಡುತ್ತಿದ್ದಾರೆ! ಹ್ಯಾಂಡಲಿಗೆ ಹಾಕಬಾರದಷ್ಟು ಭಾರ ಹಾಕಿ ಜೋತುಬಿದ್ದೆ. ಅಚ್ಚು ಸರಿಸಿ, ಒಂದು ಕೈಯಲ್ಲಿ ಹ್ಯಾಂಡಲ್ ಒತ್ತಿಹಿಡಿದೇ, ಕೆಚ್ಚಲಿಗೆ ಬಾಯಿ ಹಾಕುವ ಕರುವಿನ ಹಾಗೆ ಕುತ್ತಿಗೆ ತಿರುವಿ ಮೂತಿಯೊಳಗೆ ಇಣುಕಿದೆ.

ಹಿಂದಿನಿಂದ ಯಾರೋ ಕಾಲರು ಹಿಡಿದು ಜಗ್ಗಿದರು. ಮೂತಿ 'ಫಟ್' ಎಂದಿತು. ಒಂದು ಕ್ಷಣದ ಹಿಂದೆ ನನ್ನ ಕಣ್ಣಿದ್ದ ಜಾಗದಿಂದ ಕುದಿಯುವ ಪ್ಲಾಸ್ಟಿಕ್ ಸಿಡಿದು ಮೇಜಿನ ಮೇಲೆ ಚೆಲ್ಲಿತು; ಒಂದು ಹನಿ ಹಾರಿ ನನ್ನ ಕೊಲ್ಹಾಪುರಿಯ ಮೂಗಿನ ಮೇಲೆ ಕೂತು ಹೊಗೆಯಾಡಿತು. ಹೆಬ್ಬೆರಳಿಗೂ ಅದಕ್ಕೂ ಒಂದು ಕಡ್ಡಿಯಷ್ಟು ದೂರ.

ನಾನು ನೆಲದ ಮೇಲೆ ಕುಕ್ಕರಿಸಿ ಬಿದ್ದಿದ್ದೆ. ನಾಚಿಕೆಯಿಂದ ಬಾಯಿಗೆ ಬಂದದ್ದು ಒಂದೇ ಮಾತು: "ಮಷೀನ ಹಳೇದು ಐತ್ರಿ, ಮೂತಿ ಸರಿ ಇಲ್ರಿ."

"ಕುಣಿಯಾಕ ಬರದಾಕಿ ನೆಲಾ ಡೊಂಕ ಅಂದಳಂತ." ಬಾಗಿಲಲ್ಲಿ ಆಯಿ. ಬಸದಿಯಿಂದ ಆಗಷ್ಟೇ ಬಂದಿದ್ದಳು.

ಗದ್ದಲ ಕೇಳಿ ಮಾಲಕರು ಓಡಿ ಬಂದು ಯಂತ್ರ ಆರಿಸಿದರು. ಅದು ತಣ್ಣಗಾದ ಮೇಲೆ ಮೂತಿ ಬಿಚ್ಚಿದರು. ಹಾಲುಬಣ್ಣದ ಪ್ಲಾಸ್ಟಿಕ್ ಉಂಡೆಯೊಳಗೆ ಫಳಫಳ ಹೊಳೆಯುವ ಒಂದು ಉಕ್ಕಿನ ಗುಂಡಿ ಸಿಕ್ಕಿತು. ಆಯಿ ಅದನ್ನು ಮೊರದಲ್ಲಿಟ್ಟು ನನ್ನ ಮುಂದೆ ಹಿಡಿದಳು. ನಾನು ತೋಳು ನೋಡಿಕೊಂಡೆ. ಕಾಳು ಬಾಚುವಾಗ ನನ್ನದೇ ಅಂಗಿಯಿಂದ ಕಿತ್ತುಬಿದ್ದದ್ದು.

"ಇರುವಿ ಆಗಿದ್ದರ ಪಾಪ ಸುಟ್ಟು ಹೋಗತಿತ್ತು," ಎಂದಳು ಆಯಿ. "ಇದು ನಿನ್ನ ಸುಡಾಕ ನಿಂತಿತ್ತಲ್ಲೋ ತಮ್ಮಾ."

ಸಂಬಂಧ ಮುರಿಯಿತು ಎಂದೇ ನಾನು ತಿಳಿದೆ. ಹುಡುಗಿಯ ಅಪ್ಪ ನನ್ನ ಮುಂದೆ ಕೂತು, ಮುಚ್ಚಿಕೊಂಡಿದ್ದ ಬಲಗೈ ಬಿಚ್ಚಿದರು.

"ಇವೆರಡೂ ಹ್ಯಾಂಗ ಹೋದವು ಗೊತ್ತೈತೇನ? ಮಗ್ಗ ನಿಂದರಸದನಾ ಕೈ ಹಾಕಿದೆ. ಯಾಕಂದರ ಅವತ್ತ ನಮ್ಮ ಮಾವ ನೋಡಾಕ ಬಂದಿದ್ದಾ. ಭಾಳ ಹುಶಾರ ಅದೇನಿ ಅಂತ ತೋರಸಬೇಕಾಗಿತ್ತು ನನಗ." ಬಲಗೈಯನ್ನು ಮತ್ತೆ ಮುಚ್ಚಿಕೊಂಡರು. "ನೀ ಮೂತಿಗೆ ಬಗ್ಗಿದಾಗ ನನಗ ನಾನಾ ಕಂಡೆ. ಅದಕ್ಕ ಕಾಲರ ಹಿಡದ ಜಗ್ಗಿದೆ."

ಆಮೇಲೆ ಎದ್ದು ನನ್ನ ಕಡೆ ನೋಡದೆ ಆಯಿಗೆ ಹೇಳಿದರು: "ಆಯಿ, ಇವನ್ನ ಮೂರ ತಿಂಗಳ ಹಸನ ಮಾಡ್ರಿ. ಕಸಾ ಹೋದರ ಹೇಳಿ ಕಳಸ್ರಿ. ಹೋಗಲಿಲ್ಲಂದ್ರ ನನ್ನ ಮಗಳಿಗೆ ಬ್ಯಾರೆ ಮನಿ ನೋಡ್ತೇನಿ."

"ಕಸಾ ಭಾಳ ಐತಿ," ಎಂದಳು ಆಯಿ. "ನೋಡೂಣು."

ಆ ಮೂರು ತಿಂಗಳು ದೇವರಿಗೇ ಪ್ರೀತಿ. ಬೇಸಿಗೆಯಲ್ಲೂ ದಪ್ಪ ಖಾಕಿ, ಬೂಟು, ಕೈಗವಸು. ದಿನಾ ಮುಂಜಾನೆ ಆಯಿಯ ಎದುರು ಚಕ್ಕಳಮಕ್ಕಳ ಹಾಕಿ ಕೂತು ಕಾಳು ಹಸನು ಮಾಡಬೇಕು. ಜೊತೆಯವರು ಮರಾಠಿಯಲ್ಲಿ ಕಾಡುತ್ತಿದ್ದರು: "ಕಾಯ್ ವಹಿನಿ, ಭಾಕರಿ ಕಧೀ?" ಏನು ಅತ್ತಿಗೆ, ರೊಟ್ಟಿ ಯಾವಾಗ ಎಂದು. ಸಿಟ್ಟಿಗೆ ಮೈ ಉರಿಯುತ್ತಿತ್ತು. ಆದರೆ ಮೊರದಲ್ಲಿ ದಿನಕ್ಕೊಂದು ಸಿಗುತ್ತಿತ್ತಲ್ಲ: ಮೊಳೆ, ತಂತಿಯ ತುಂಡು, ಬೀಡಿಯ ತುದಿ, ಒಮ್ಮೆ ಯಾರದೋ ಹಲ್ಲು ಕಡ್ಡಿ. ಇರುವೆಗಳನ್ನು ಆಯಿ ಸೆರಗಿನಿಂದ ಮೆಲ್ಲಗೆ ಸರಿಸಿ ಅಂಗಳಕ್ಕೆ ಬಿಟ್ಟು ಬರುತ್ತಿದ್ದಳು. ಬರಬರುತ್ತಾ ಮೊಳೆಗಿಂತ ಮೊದಲು ಇರುವೆಯೇ ನನ್ನ ಕಣ್ಣಿಗೆ ಬೀಳತೊಡಗಿತು. ಮತ್ತೆ ಎರಡು ಸಲ ಮೂತಿ ಕಟ್ಟಿತು. ಎರಡು ಸಲವೂ ನಾನು ಹ್ಯಾಂಡಲ್ ಎತ್ತಿ, ಹೀಟರು ಆರಿಸಿ, ಬದಿಗೆ ಸರಿದು ಕೈಕಟ್ಟಿ ನಿಂತೆ.

ಎರಡನೆಯ ಸಲ ಆಯಿ ನನ್ನನ್ನು ನೋಡುತ್ತಲೇ ಇದ್ದಳು. ಮರುದಿನ ಹುಡುಗಿಯ ಅಪ್ಪನಿಗೆ ಮಾತು ಹೋಯಿತು: "ಕಾಳ ಗಟ್ಟಿ ಐತಿ. ಒಯ್ರಿ."

ಮದುವೆಯಲ್ಲಿ ಮಗಳ ಕೈಯನ್ನು ನನ್ನ ಬೊಗಸೆಗಿಟ್ಟು ನೀರು ಬಿಡುವ ಹೊತ್ತು. ನೀರಿನ ಅಡಿಯಲ್ಲಿ ಮಾವನ ಕೈ ನನ್ನ ಬೆರಳುಗಳ ಮೇಲೆ ಒಂದೊಂದಾಗಿ ಸರಿಯುತ್ತಿದೆ. ಮೊದಲು ತಿಳಿಯಲಿಲ್ಲ. ಆಮೇಲೆ ತುಟಿ ಅಲ್ಲಾಡುವುದು ಕಂಡಿತು: ಎಣಿಸುತ್ತಿದ್ದಾರೆ, ನಮ್ಮಪ್ಪ ಕುರಿ ಎಣಿಸಿದ ಹಾಗೆ. "ಹತ್ತ" ಎಂದು ಜೋರಾಗಿಯೇ ಅಂದುಬಿಟ್ಟರು. ಮದುಮಗಳು ತಲೆ ತಗ್ಗಿಸಿಕೊಂಡೇ ಕಿಸಕ್ಕನೆ ನಕ್ಕಳು. ನನಗೆ ನಗು ಬರಲಿಲ್ಲ. ಎರಡು ಬೆರಳಿಲ್ಲದ ಆ ಬರಿಯ ಜಾಗ ನನ್ನ ಅಂಗೈಗೆ ತಾಗುತ್ತಿತ್ತು. ಎಣಿಕೆ ಮುಗಿದು ಅವರು ಕೈ ತೆಗೆಯಹೋದರು, ನಾನು ಬಿಡಲಿಲ್ಲ.