ಪುಕ್ಕಟೆ ಮೇವು

ಪೊರ್ಬುಗಳೇ, ಸಿಸಿಲಿ ಬಾಯಮ್ಮನ ಪ್ರಾಣ ತೆಗೆದ ಸೊಳ್ಳೆ ನಿಮ್ಮ ರಬ್ಬರ್ ತೋಟದ ಗೆರಟೆಯಲ್ಲಿ ಹುಟ್ಟಿದ್ದಲ್ಲ. ನನ್ನ ಮನೆಯ ಹಿಂದೆ, ಬಚ್ಚಲಿನ ಗೋಡೆಗೆ ತಾಗಿಸಿ ಇಟ್ಟಿದ್ದ ಕಪ್ಪು ಟಬ್ಬುಗಳಲ್ಲಿ ಹುಟ್ಟಿದ್ದು. ಹುಟ್ಟಿದ್ದು ಎಂದರೂ ಅರ್ಧ ಸುಳ್ಳೇ — ನಾನು ಹುಟ್ಟಿಸಿದ್ದು. ಕೋಳಿ ಸಾಕುವವರು ಕೋಳಿ ಸಾಕಿದ ಹಾಗೆ ನಾನು ಸೊಳ್ಳೆ ಸಾಕಿದೆ, ನನ್ನ ಗೋಲ್ಡ್‌ಫಿಶ್‌ಗಳಿಗೆ ತಿನ್ನಿಸಲು. ಅದನ್ನು ಮುಚ್ಚಿಟ್ಟದ್ದಷ್ಟೇ ಅಲ್ಲ, ಕೇಳಿದವರಿಗೆ ನಿಮ್ಮ ತೋಟದ ಕಡೆ ಬೆರಳು ತೋರಿಸಿದೆ.

ಇದನ್ನು ಬೇರೆಯವರೂ ಓದಬೇಕೆಂದೇ ಬರೆಯುತ್ತಿದ್ದೇನೆ, ಆದ್ದರಿಂದ ಸ್ವಲ್ಪ ಪರಿಚಯ ಹೇಳಿಬಿಡುತ್ತೇನೆ. ನಾವಿರುವುದು ಹಿರಿಯಡ್ಕದ ಹತ್ತಿರ, ಕಾರ್ಕಳದ ರಸ್ತೆಯಿಂದ ತುಸು ಒಳಗೆ. ಈ ಕಡೆಯ ತುಳುವರಾದ ನಾವು ಕೊಂಕಣಿ ಮಾತನಾಡುವ ಕ್ರೈಸ್ತ ಹಿರಿಯರನ್ನು ಪೊರ್ಬುಗಳು ಎನ್ನುತ್ತೇವೆ, ಅವರ ಮನೆಯ ಹಿರಿಯ ಹೆಂಗಸರನ್ನು ಬಾಯಮ್ಮ. ಜೋಕಿಂ ಪೊರ್ಬುಗಳಾದ ನೀವು ಮತ್ತು ನಿಮ್ಮ ಹೆಂಡತಿ ಸಿಸಿಲಿ ಬಾಯಮ್ಮ ನಮ್ಮ ನೆರೆಯವರು, ನಡುವೆ ಒಂದು ದಾಸವಾಳದ ಬೇಲಿ. ನಿಮ್ಮ ಮನೆಯ ಹಿಂದೆ ಸಣ್ಣ ರಬ್ಬರ್ ತೋಟ, ಮರಮರಕ್ಕೂ ಹಾಲು ಇಳಿಯಲು ಕಟ್ಟಿದ ತೆಂಗಿನ ಗೆರಟೆ, ಅಂದರೆ ಕರಟ. ನನ್ನದು ಪೇಟೆಯಲ್ಲಿ ಕನ್ನಡಕದ ಅಂಗಡಿ. ಹುಚ್ಚು ಮಾತ್ರ ಮೀನಿನದು.

ಗಾಜಿನ ಬೋಗುಣಿಯಲ್ಲಿಟ್ಟು ಮಾರುವ ಸಾದಾ ಕೆಂಪು ಮೀನಲ್ಲ. ತಲೆಯ ಮೇಲೆ ಟೋಪಿಯಂತೆ ಮಾಂಸ ಬೆಳೆಯುವ ಒರಾಂಡ, ಬೆನ್ನಿನಲ್ಲಿ ಈಜುರೆಕ್ಕೆಯೇ ಇಲ್ಲದ ರಾಂಚು. ಅವುಗಳಿಂದ ಮರಿ ಮಾಡಿಸುವುದು, ಒಳ್ಳೆಯದನ್ನು ಆರಿಸಿ ಬೆಳೆಸುವುದು — ಅದರಲ್ಲಿ ಏನು ಸುಖ ಎಂದು ಕೇಳಿದರೆ ಇವತ್ತಿಗೂ ಹೇಳಲು ಬಾರದು. ಈ ಮೀನಿಗೆ ಹೊಟ್ಟೆ ಎಂಬ ಅಂಗವೇ ಇಲ್ಲ. ತಿಂದದ್ದು ನೇರ ಕರುಳಿಗೆ ಇಳಿಯುತ್ತದೆ, ಕೂಡಲೇ ಮತ್ತೆ ಹಸಿವು. ಹೊಟ್ಟೆಯೇ ಇಲ್ಲದ್ದರ ಹೊಟ್ಟೆ ತುಂಬಿಸಲು ಹೊರಟ ಗೃಹಸ್ಥ ನಾನು. ತಲೆಯ ಟೋಪಿ ಏಳಲು ಜಪಾನಿನ ಗುಳಿಗೆ, ಬಣ್ಣ ಕೂರಲು ಇನ್ನೊಂದು ಡಬ್ಬಿ, ಫ್ರೀಜರಿನಲ್ಲಿ ಮಕ್ಕಳ ಐಸ್‌ಕ್ರೀಮಿನ ಪಕ್ಕ ಹೆಪ್ಪುಗಟ್ಟಿದ ಕೆಂಪು ಹುಳುಗಳ ಪೊಟ್ಟಣ. ಬೆಲೆಯನ್ನು ನನ್ನ ಹೆಂಡತಿ ಸುಮತಿಗೆ ಅರ್ಧ ಮಾತ್ರ ಹೇಳುತ್ತಿದ್ದೆ. ಆ ಅರ್ಧಕ್ಕೇ ಅವಳು ತಲೆಗೆ ಕೈ ಹೊತ್ತುಕೊಳ್ಳುತ್ತಿದ್ದಳು.

“ಮಕ್ಕಳಿಗೆ ಒಂದು ಅಂಜಲ್ ಮೀನು ತರಲಿಕ್ಕೆ ಹತ್ತು ಸಲ ಯೋಚನೆ ಮಾಡುತ್ತೀರಿ” ಎಂದಳು ಒಂದು ದಿನ. “ಮೀನಿಗೆ ಹಾಕುವ ದುಡ್ಡಿನಲ್ಲಿ ನಾವು ದಿನಾ ಮೀನು ತಿನ್ನಬಹುದಿತ್ತು.”

ನಗುತ್ತಲೇ ಹೇಳಿದ್ದು. ಆದರೆ ಆ ವರ್ಷ ಮಗಳ ಶಾಲೆಯ ಪ್ರವಾಸಕ್ಕೆ ದುಡ್ಡಿಲ್ಲ ಎಂದವನೂ ನಾನೇ, ಅದೇ ವಾರ ಗುಳಿಗೆಯ ಡಬ್ಬಿ ತರಿಸಿದವನೂ ನಾನೇ. ಅವಳಿಗೆ ಅದು ಗೊತ್ತಾಗಿ ನಗು ನಿಂತಿತು. ಖರ್ಚು ಇಳಿಸುತ್ತೇನೆ ಎಂದು ಮಾತು ಕೊಟ್ಟೆ. ಮೀನು ಕಡಿಮೆ ಮಾಡುತ್ತೇನೆ ಎನ್ನಲಿಲ್ಲ, ನೋಡಿ. ಖರ್ಚು ಇಳಿಸುತ್ತೇನೆ ಎಂದೆ.

ದಾರಿ ತೋರಿಸಿದವನು ಕಾಪುವಿನಲ್ಲಿದ್ದ ಒಬ್ಬ ಗೆಳೆಯ, ನನ್ನ ಹಾಗೆಯೇ ಮೀನಿನ ಹುಚ್ಚಿನವನು. ಸೊಳ್ಳೆಮರಿಯಷ್ಟು ಒಳ್ಳೆಯ ತಿನಿಸು ಜಪಾನಿನವರ ಹತ್ತಿರವೂ ಇಲ್ಲ, ಮೇಲಾಗಿ ಪುಕ್ಕಟೆ ಎಂದ. ಟಬ್ಬಿಗೆ ನೀರು ತುಂಬಿಸಿ ಒಂದು ಹಿಡಿ ಒಣಹುಲ್ಲು ನೆನೆಹಾಕಿ ನೆರಳಿನಲ್ಲಿಟ್ಟರೆ ಮುಗಿಯಿತು, ಉಳಿದದ್ದನ್ನು ಸೊಳ್ಳೆಗಳು ನೋಡಿಕೊಳ್ಳುತ್ತವೆ. ಒಂದೇ ನಿಯಮ: ಮರಿಗೆ ರೆಕ್ಕೆ ಬರುವ ಮೊದಲು ಸೋಸಿ ಮೀನಿಗೆ ಹಾಕಿಬಿಡಬೇಕು. ದಿನಾ ಬೆಳಿಗ್ಗೆ ಚಹಾದ ಜಾಲರಿಯಲ್ಲಿ ಸೋಸುತ್ತಿದ್ದೆ. ಮೀನುಗಳು ಬಾಯಿ ತೆರೆದು ನುಗ್ಗುತ್ತಿದ್ದವು. ತಿಂಗಳೊಳಗೆ ಒರಾಂಡಗಳ ಬಣ್ಣ ಬೇಲಿಯ ದಾಸವಾಳದಷ್ಟು ಕೆಂಪಾಯಿತು, ಫ್ರೀಜರ್ ಖಾಲಿಯಾಯಿತು, ಸುಮತಿ ಖುಷಿಯಾದಳು. ನಾನು ನನ್ನ ಬುದ್ಧಿವಂತಿಕೆಗೆ ನಾನೇ ಬೆನ್ನು ತಟ್ಟಿಕೊಂಡೆ.

ಬಾಯಮ್ಮನಿಗೂ ನನ್ನ ಮೀನುಗಳ ಮೇಲೆ ಅಕ್ಕರೆ ಇತ್ತು. ಎಳೆಯ ಮರಿಗಳಿಗೆ ಬೇಯಿಸಿದ ಮೊಟ್ಟೆಯ ಹಳದಿ ಬೇಕೆಂದು ತಿಳಿದ ಮೇಲೆ ಬೇಲಿಯ ಮೇಲಿನಿಂದ ತಮ್ಮ ಕೋಳಿಯ ಮೊಟ್ಟೆ ಕೊಡುತ್ತಿದ್ದರು, ದುಡ್ಡು ಎಂದರೆ ಬೈಯುತ್ತಿದ್ದರು. ಒರಾಂಡವನ್ನು ತೋರಿಸಿ, ಈ ಮಂಡೆ ದಪ್ಪದವನಿಗೆ ಜ್ಞಾನಸ್ನಾನ ಮಾಡಿಸಿ ಹೆಸರಿಡುವುದು ಯಾವಾಗ ಮಾರಾಯ ಎಂದು ಕೇಳುವುದು, ತಾವೇ ನಗುವುದು. ಅವರ ಬಟ್ಟೆ ಒಗೆಯುವ ಕಲ್ಲು ಬೇಲಿಯ ಆ ಬದಿಯಲ್ಲೇ ಇತ್ತು. ನನ್ನ ಟಬ್ಬುಗಳಿಗೂ ಆ ಕಲ್ಲಿಗೂ ನಡುವೆ ಇದ್ದದ್ದು ಎಲೆಗಳು ಮಾತ್ರ.

ಆ ಮಳೆಗಾಲದಲ್ಲಿ ಬೆಂಗಳೂರಿನಲ್ಲಿ ಅಲಂಕಾರಿಕ ಮೀನುಗಳ ಪ್ರದರ್ಶನ ಇತ್ತು. ಕಾಪುವಿನ ಗೆಳೆಯನೂ ನಾನೂ ಮೀನುಗಳನ್ನು ಕಟ್ಟಿಕೊಂಡು ಹೋದೆವು. ಎರಡು ದಿನವೆಂದು ಹೊರಟದ್ದು. ಅಲ್ಲಿ ನನ್ನ ಒರಾಂಡಕ್ಕೆ ಬಹುಮಾನ ಬಂತು, ಯಾರೋ ತಮ್ಮ ತೊಟ್ಟಿಗಳನ್ನು ನೋಡಲು ಕರೆದರು, ಇನ್ಯಾರೋ ಊಟಕ್ಕೆ ಕರೆದರು — ವಾರ ಆಯಿತು. ಟಬ್ಬು ನೆನಪಾಗಲಿಲ್ಲವೇ? ಆಗಿತ್ತು. ಅದನ್ನು ಬರೆಯಲೇಬೇಕು. ಹೋಟೆಲಿನಲ್ಲಿ ಹಲ್ಲುಜ್ಜುವಾಗ ನೆನಪಾಗಿತ್ತು. ಸುಮತಿಗೆ ಫೋನ್ ಮಾಡಿ ಕವುಚಿ ಹಾಕು ಎಂದರೆ ಸಾಕಿತ್ತು. ಕವುಚಿದರೆ ಮತ್ತೆ ಮೊದಲಿನಿಂದ ಮಾಡಬೇಕಲ್ಲ, ಊರಿಗೆ ಮುಟ್ಟಿದ ಕೂಡಲೇ ಮೀನಿಗೆ ಮೇವು ಬೇಕಲ್ಲ ಎಂದು ಸುಮ್ಮನಾದೆ.

ಮನೆಗೆ ಬಂದು ನೋಡಿದರೆ ಟಬ್ಬಿನ ನೀರಿನ ಮೇಲೆ ಬರಿಯ ಪೊರೆಗಳು ತೇಲುತ್ತಿದ್ದವು, ಭತ್ತದ ಹೊಟ್ಟಿನಂತೆ. ಎಲ್ಲ ಹಾರಿಹೋಗಿದ್ದವು. ನಾನು ಆ ನೀರು ಚೆಲ್ಲಿ ಹೊಸ ನೀರು ತುಂಬಿಸಿದೆ. ಹೌದು, ಮತ್ತೆ ತುಂಬಿಸಿದೆ.

ಊರಿನಲ್ಲಿ ಆಗಲೇ ಒಬ್ಬಿಬ್ಬರಿಗೆ ಡೆಂಗಿ ಎಂದು ಸುದ್ದಿ ಇತ್ತು. ಕೆಲವು ವಾರ ಕಳೆದು ಬಾಯಮ್ಮನಿಗೆ ಜ್ವರ ಬಂತು. ಮೊದಲು ಕಷಾಯ, ಮತ್ತೆ ಪೇಟೆಯ ಡಾಕ್ಟರು, ಮತ್ತೆ ಮಣಿಪಾಲ. ನಾನೇ ಕಾರು ಮಾಡಿಸಿ ಕರೆದುಕೊಂಡು ಹೋದೆ. ರಕ್ತ ಬೇಕೆಂದಾಗ ತೋಳು ಚಾಚಿದವನೂ ನಾನೇ. ಆಸ್ಪತ್ರೆಯ ಜಗಲಿಯಲ್ಲಿ ನೀವು ನನ್ನ ಕೈಯನ್ನು ನಿಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡಿರಿ. ಆಗಲೇ ನನಗೆ ಗೊತ್ತಿತ್ತು, ಪೊರ್ಬುಗಳೇ. ಗೊತ್ತಿದ್ದೂ ಕೈ ಬಿಡಿಸಿಕೊಳ್ಳಲಿಲ್ಲ.

ಬಾಯಮ್ಮ ಅಲ್ಲಿ ಮಲಗಿರುವಾಗಲೇ ಇಲ್ಲಿಗೆ ಆಶಾ ಕಾರ್ಯಕರ್ತೆ ಇನ್ನೊಬ್ಬರ ಜೊತೆ ಟಾರ್ಚ್ ಹಿಡಿದು ಮನೆಮನೆಗೆ ಬಂದರು. ಗೇಟಿನ ಸದ್ದು ಕೇಳಿದ್ದೇ ನಾನು ಹಿತ್ತಲಿಗೆ ಓಡಿದೆ. ಟಬ್ಬುಗಳನ್ನು ಎತ್ತಿ ಮೀನಿನ ತೊಟ್ಟಿಗೆ ಸುರಿದೆ. ಅವರು ಮನೆ ಸುತ್ತಿ ಬರುವಷ್ಟರಲ್ಲಿ ಮೀನುಗಳು ಎಲ್ಲವನ್ನೂ ತಿಂದು ಮುಗಿಸಿದ್ದವು. ಆಕೆ ತೊಟ್ಟಿ ನೋಡಿ ಮೆಚ್ಚಿಕೊಂಡರು. ಮೀನು ಇದ್ದಲ್ಲಿ ಸೊಳ್ಳೆ ಹುಟ್ಟುವುದಿಲ್ಲ, ಎಲ್ಲರೂ ಇವರ ಹಾಗೆ ಮೀನು ಸಾಕಬೇಕು ಎಂದು ಜೊತೆಯವರಿಗೂ, ಆಮೇಲೆ ಹೋದ ಮನೆಗಳಲ್ಲೂ ಹೇಳಿದರು. ಈ ಜಾತಿಯ ಸೊಳ್ಳೆ ದೂರ ಹಾರುವುದಿಲ್ಲ, ಹತ್ತಿರವೇ ಎಲ್ಲಿಯೋ ಮೂಲ ಇರಬೇಕು, ನಿಮಗೆ ಏನಾದರೂ ಗೊತ್ತುಂಟಾ ಎಂದು ಕೇಳಿದರು.

ನಾನು ಹೇಳಿದೆ: “ಆಚೆ ರಬ್ಬರ್ ಗೆರಟೆಗಳಲ್ಲಿ ನೀರು ನಿಲ್ಲುತ್ತದೆ. ಅಲ್ಲಿ ನೋಡಿದ್ದೀರಾ?”

ಇಷ್ಟೇ. ಸುಳ್ಳು ಎಂದು ಯಾರೂ ಹೇಳಲಾಗದ ಮಾತು. ಗೆರಟೆಗಳಲ್ಲಿ ನೀರು ನಿಲ್ಲುವುದು ಹೌದು, ರಬ್ಬರ್ ತೋಟವೆಂದರೆ ಸೊಳ್ಳೆಯ ಕಾರ್ಖಾನೆ ಎಂದು ಊರೆಲ್ಲ ಹೇಳುವುದೂ ಹೌದು. ಆದರೆ ನೀವು ಮಳೆ ಹಿಡಿದ ಕೂಡಲೇ ಒಂದೊಂದನ್ನೂ ಕವುಚಿ ಇಡುವವರು, ನಾನೇ ಕಂಡಿದ್ದೇನೆ. ತಂತಿ ಸಡಿಲಾಗಿ ಮತ್ತೆ ಬಾಯಿ ಮೇಲಾಗಿದ್ದ ಎರಡು ಮೂರರಲ್ಲಿ ಹುಳು ಸಿಕ್ಕಿತು. ಅವು ನನ್ನ ಟಬ್ಬಿನ ಸೊಳ್ಳೆಗಳ ಮರಿಮಕ್ಕಳೇ ಇರಬೇಕು. ನಿಮಗೆ ಪಂಚಾಯತಿನ ನೋಟಿಸು ಬಂತು. ನೋಟಿಸಿನ ಮರುದಿನ ಬಾಯಮ್ಮ ತೀರಿಕೊಂಡರು.

ಮಣ್ಣು ಮುಗಿಸಿ ಬಂದ ಮೇಲೆ ನೀವು ತೋಟದ ಗೆರಟೆಗಳನ್ನೆಲ್ಲ ಬಿಚ್ಚಿ ಅಂಗಳದಲ್ಲಿ ರಾಶಿ ಹಾಕಿ ಸುಟ್ಟಿರಿ. ಅಷ್ಟಕ್ಕೂ ಸಮಾಧಾನವಾಗಲಿಲ್ಲ. ಮರುವರ್ಷ ಮಳೆ ಶುರುವಾದಾಗ ನನ್ನ ಅಂಗಡಿಗೆ ಬಂದು ಕುಳಿತಿರಿ. ಇದ್ದ ಕನ್ನಡಕ ಓದಲಿಕ್ಕೆ ಸಾಕು ಮಾರಾಯ, ಆದರೆ ಸಣ್ಣ ಹುಳು ಕಾಣುವುದಿಲ್ಲ, ಎಲೆಯಲ್ಲಿ ನಿಂತ ನೀರಿನಲ್ಲಿಯೂ ಇರುತ್ತವಂತೆ, ಇನ್ನೂ ದಪ್ಪದ್ದು ಕೊಡು ಎಂದಿರಿ. ನಾನು ನಿಮ್ಮ ಕಣ್ಣು ಪರೀಕ್ಷಿಸಿದೆ. ಗಾಜು ಬದಲಿಸುತ್ತ ಈಗ ಕಾಣುತ್ತದಾ, ಈಗ ಕಾಣುತ್ತದಾ ಎಂದು ಕೇಳಿದೆ. ದಪ್ಪ ಗಾಜಿನ ಚೀಟಿ ಬರೆದು ಕೆಲಸ ಮುಗಿಸಿದೆ. ಅದನ್ನು ಹಾಕಿಕೊಂಡು ನೀವು ಕೊಡೆ ಹಿಡಿದು ಬರಿಯ ಮರಗಳ ನಡುವೆ ಬಗ್ಗಿ ಬಗ್ಗಿ ನೋಡುತ್ತ ನಡೆಯುವುದು ನಮ್ಮ ಅಡಿಗೆಮನೆಯ ಕಿಟಕಿಯಿಂದ ಕಾಣುತ್ತಿತ್ತು. ಸುಮತಿ ಆ ಕಿಟಕಿಗೆ ಪರದೆ ಹಾಕಿದಳು. ಪೊರ್ಬುಗಳಿಗೆ ಹೇಳಿದಿರಾ ಎಂದು ನನ್ನನ್ನು ಒಮ್ಮೆ ಕೇಳಿದಳು, ಮತ್ತೆ ಕೇಳಲಿಲ್ಲ. ನಿಮ್ಮ ಮನೆಗೆ ಹೋಗುವುದನ್ನೂ ಬಿಟ್ಟಳು. ಆಮೇಲೆ ನೀವು ಮರಗಳನ್ನೇ ಕಡಿಸಿದಿರಿ.

ಮೀನು ಸಾಕುವುದನ್ನು ಅಂದೇ ನಿಲ್ಲಿಸಿದೆ ಎಂದು ಬರೆಯಲು ಕೈ ತುಡಿಯುತ್ತದೆ. ನಿಲ್ಲಿಸಲಿಲ್ಲ. ಟಬ್ಬು ಮಾತ್ರ ತೆಗೆದೆ, ಮತ್ತೆ ಗುಳಿಗೆ ತರಿಸಿದೆ. ಬಹುಮಾನದ ಒರಾಂಡ ಬದುಕಿರುವವರೆಗೆ ಎಂದುಕೊಂಡೆ, ಅದು ಸತ್ತ ಮೇಲೆ ಅದರ ಮರಿಗಳು ಇರುವವರೆಗೆ ಎಂದುಕೊಂಡೆ. ಈಗ ಒಂದೂ ಇಲ್ಲ. ಅದರಿಂದ ಯಾರಿಗೂ ಏನೂ ಆಗಲಿಲ್ಲ.

ನಿಮಗೆ ಬಸ್ಸು ಹತ್ತುವುದು ಕಷ್ಟವಾದ ಮೇಲೆ ಇಗರ್ಜಿಗೆ ಬಿಡುವ ಕೆಲಸವನ್ನು ನಾನು ಕೇಳಿ ಪಡೆದೆ. ತಿಂಗಳಿಗೊಂದು ಶನಿವಾರ ಸಂಜೆ ನೀವು ಕುಮ್ಸಾರಿಗೆ ಹೋಗುತ್ತೀರಿ, ಪಾದ್ರಿಗಳ ಮುಂದೆ ಮಂಡಿಯೂರಿ ಮಾಡಿದ ಪಾಪ ಹೇಳಿಕೊಳ್ಳಲು. ನಾನು ಹೊರಗೆ ಸ್ಕೂಟರ್ ಹತ್ತಿರ ಕಾಯುತ್ತೇನೆ. ಪಾಪವಾದರೂ ಏನು ಮಾಡುತ್ತೀರಿ ನೀವು ಎಂದು ಒಮ್ಮೆ ತಮಾಷೆಗೆ ಕೇಳಿದ್ದೆ.

“ಅದೊಂದೇ ಹೇಳುವುದು, ದಿನೇಶ” ಎಂದಿರಿ. “ಸಿಸಿಲಿಯನ್ನು ನಾನು ಕೊಂದೆ ಎಂದು. ಗೊತ್ತಿಲ್ಲದೆ ಆದದ್ದು ಪಾಪ ಅಲ್ಲ ಎಂದು ಫಾದರ್ ಹೇಳುತ್ತಾರೆ. ಆದರೆ ನನಗೆ ಬೇರೆ ಎಂತ ಉಂಟು ಹೇಳಲಿಕ್ಕೆ? ಆ ದಿನ ನೀನು ತೋರಿಸಿದ್ದು ಒಳ್ಳೆಯದಾಯಿತು. ಇಲ್ಲದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ.”

ನನ್ನ ಪಾಪಕ್ಕೆ ನೀವು ಮಂಡಿಯೂರುತ್ತಿದ್ದೀರಿ. ನಾನು ನಿಮ್ಮನ್ನು ಹಿಂದೆ ಕೂರಿಸಿಕೊಂಡು ಅದಕ್ಕೆ ಕರೆದೊಯ್ಯುತ್ತಿದ್ದೇನೆ, ಪೆಟ್ರೋಲಿನ ದುಡ್ಡು ಬೇಡ ಎನ್ನುತ್ತ ದೊಡ್ಡವನಾಗುತ್ತಿದ್ದೇನೆ. ಇದಕ್ಕಿಂತ ಕೆಳಗೆ ಇಳಿಯಲು ಮನುಷ್ಯನಿಗೆ ಜಾಗ ಉಂಟೋ ಇಲ್ಲವೋ, ನನಗೆ ತಿಳಿಯದು.

ಹೋದ ತಿಂಗಳು ಇಗರ್ಜಿಯ ತಿರುವಿನಲ್ಲಿ ಸ್ಕೂಟರ್ ನಿಲ್ಲಿಸಿದೆ. ಹೇಳಿದೆ. ಹೇಳಿದ್ದೇನು? “ಸೊಳ್ಳೆ ನನ್ನ ಮೀನಿನ ಟಬ್ಬಿನಿಂದಲೂ ಬಂದಿರಬಹುದು” ಎಂದೆ. ಬಂದಿರಬಹುದು — ಇಷ್ಟು ವರ್ಷ ಕಾದು ನನ್ನ ನಾಲಗೆ ಹೊರಡಿಸಿದ್ದು ಆ ಒಂದು ಹೇಡಿ ಶಬ್ದವನ್ನು. ನೀವು ನನ್ನ ಹೆಗಲ ಮೇಲೆ ಕೈ ಇಟ್ಟಿರಿ.

“ಮೀನು ಇದ್ದಲ್ಲಿ ಸೊಳ್ಳೆ ಹುಟ್ಟುವುದಿಲ್ಲ ಮಾರಾಯ. ಆಶಾದವರೇ ಹೇಳಿದ್ದಲ್ವಾ? ನೀನು ಒಳ್ಳೆಯವ. ನನ್ನ ಭಾರ ಇಳಿಸಲಿಕ್ಕೆ ನಿನ್ನ ತಲೆಗೆ ಹಾಕಿಕೊಳ್ಳಬೇಡ.”

ಅಷ್ಟು ಹೇಳಿ ಒಳಗೆ ಹೋಗಿ ಎಂದಿನಂತೆ ಸಾಲಿನಲ್ಲಿ ನಿಂತಿರಿ. ನಾನು ಹೊರಗೆ ಸ್ಕೂಟರ್ ಹತ್ತಿರ ಕಾದೆ.

ಅದಕ್ಕೇ ಇಷ್ಟು ಬರೆದೆ. ಒಣಹುಲ್ಲು, ಜಾಲರಿ, ಹೋಟೆಲಿನಲ್ಲಿ ನೆನಪಾದದ್ದು, ತೊಟ್ಟಿಗೆ ಸುರಿದದ್ದು — ಮಾಡದವನಿಗೆ ಇವು ಗೊತ್ತಿರುವುದಿಲ್ಲ. ಯಾವ ಸೊಳ್ಳೆ ಯಾರದೆಂದು ದೇವರಿಗೆ ಮಾತ್ರ ಗೊತ್ತು ಎಂದು ನೀವು ನನ್ನ ಪರವಾಗಿ ವಾದಿಸುತ್ತೀರಿ, ಬಲ್ಲೆ. ಆ ವಾದದ ಮೇಲೆಯೇ ನಾನು ಇಷ್ಟು ಕಾಲ ಉಂಡು ಮಲಗಿದೆ, ಇನ್ನು ಅದು ಬೇಡ. ಈ ಶನಿವಾರ ನೀವು ಇಗರ್ಜಿಗೆ ಹೊರಡಲು ಬಿಳಿ ಅಂಗಿ ಹಾಕಿಕೊಳ್ಳುವ ಮೊದಲು ಬಂದು ಇದನ್ನು ನಿಮ್ಮೆದುರು ಕುಳಿತು ಓದುತ್ತೇನೆ. ಮುಗಿಯುವವರೆಗೆ ನನ್ನನ್ನು ಸಮಾಧಾನಪಡಿಸಬೇಡಿ. ಇಷ್ಟು ವರ್ಷ ನನ್ನ ಒಳ್ಳೆಯತನವನ್ನು ನಂಬಿದಿರಿ, ಪೊರ್ಬುಗಳೇ. ಈಗ ನನ್ನನ್ನು ನಂಬಿ.