ಎಕೋ ಇಲ್ಲದ ಮಿಕ್ಸರ್

ಬಾಬುರಾಯನಕೊಪ್ಪಲಿನ ನಮ್ಮ ಮನೆಯಲ್ಲಿ ರಾಗಿ ಮೂಟೆ ಇಡುತ್ತಿದ್ದ ಕೋಣೆಯನ್ನು ನಾನು ರೆಕಾರ್ಡಿಂಗ್ ರೂಮು ಮಾಡಿಕೊಂಡಿದ್ದೆ. ಗೋಡೆಗೆ ಗೋಣಿಚೀಲ, ಬಾಗಿಲಿಗೆ ಕಂಬಳಿ, ಒಂದು ಕ್ಯಾಸೆಟ್ ಡೆಕ್ಕು. ತೊಂಬತ್ತರ ದಶಕದ ನಡುವಿನ ಮಾತು. ಹಳೇ ಮಿಕ್ಸರ್, ಅಂದರೆ ಮೈಕಿನ ದನಿಯನ್ನು ಹದ ಮಾಡಿ ಡೆಕ್ಕಿಗೆ ಕಳಿಸುವ ಪೆಟ್ಟಿಗೆ, ಕೆಟ್ಟು ಕೂತಿತ್ತು. ಮೈಸೂರಿನ ಅಂಗಡಿಯವರು ಗುರುತಿನವರು. ಎರಡು ಮಿಕ್ಸರ್ ಕೊಟ್ಟು, ಒಂದು ವಾರ ನೋಡಿ ಬೇಕಾದ್ದನ್ನು ಇಟ್ಟುಕೊಳ್ಳಿ ಅಂದರು.

ಆರಿಸುವುದರಲ್ಲೇನಿದೆ? ಹತ್ತು ವರ್ಷ ಮದುವೆ ಮನೆಗಳಿಗೆ ಮೈಕ್ ಸೆಟ್ ಕಟ್ಟಿದವನು ನಾನು. ಪಾಂಡವಪುರಕ್ಕೆ ಹೋಗಲಿ, ನಾಗಮಂಗಲಕ್ಕೆ ಹೋಗಲಿ, ಜನ ಕೇಳುತ್ತಿದ್ದ ಮೊದಲ ಪ್ರಶ್ನೆಯೇ ‘ಎಕೋ ಐತಾ?’ ಒಂದರಲ್ಲಿ ದನಿಯನ್ನು ಮರುಕಳಿಸುವ ಎಕೋ ಇತ್ತು, ಎಂಟು ಮೈಕಿಗೆ ಜಾಗವಿತ್ತು, ಸಾಲು ದೀಪಗಳಿದ್ದವು. ಇನ್ನೊಂದು ಎರಡೇ ಮೈಕಿನ ಬೋಳು ಪೆಟ್ಟಿಗೆ. ನೋಡಿದ ತಕ್ಷಣ ತೀರ್ಮಾನ ಮಾಡಿಬಿಟ್ಟಿದ್ದೆ.

ಪರೀಕ್ಷೆಗೆ, ಮದುವೆಗಳಲ್ಲಿ ಸೋಬಾನೆ ಹೇಳುತ್ತಿದ್ದ ನಮ್ಮ ದೊಡ್ಡವ್ವನನ್ನು ಕೂರಿಸಿದೆ. ನಿಜ ಹೇಳಬೇಕೆಂದರೆ ಪರೀಕ್ಷೆ ಬರೀ ನೆಪ. ಸೋಬಾನೆ ಪದ ಒಬ್ಬರೇ ಹೇಳುವಂಥದ್ದಲ್ಲ. ಒಬ್ಬಳು ಸಾಲು ಹೇಳಿದರೆ ಜೊತೆಗಾತಿ ಅದರ ಬಾಲ ಹಿಡಿದು ಎತ್ತಿಕೊಳ್ಳಬೇಕು. ಅವಳು ಎತ್ತಿಕೊಂಡ ಕೂಡಲೇ ಇವಳು ಸುಮ್ಮನಾಗಬೇಕು. ದೊಡ್ಡವ್ವನ ಜೊತೆಗಾತಿ ಹಿಂದಿನ ವರ್ಷ ತೀರಿಕೊಂಡಿದ್ದಳು. ಅಂದಿನಿಂದ ದೊಡ್ಡವ್ವ ಒಂದು ಪದವನ್ನೂ ಹೇಳಿರಲಿಲ್ಲ. ಅಷ್ಟೂ ಪದ ಹೀಗೇ ಅವಳ ಎದೆಯಲ್ಲೇ ಉಳಿದು ಹೋಗುತ್ತದಲ್ಲ ಎಂದು ನನಗೆ ಸಂಕಟ.

ಅವಳ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ ಎಕೋ ಜೋರು ಮಾಡಿದೆ. ಒಂದು ಸಾಲು ಹೇಳಿದಳು. ಸಾಲಿನ ಕೊನೆ ತಿರುಗಿ ಕಿವಿಗೆ ಬಿದ್ದಿದ್ದೇ, ಯಾರೋ ಎತ್ತಿಕೊಂಡರು ಅಂತ ತಟ್ಟನೆ ಸುಮ್ಮನಾದಳು. ಮತ್ತೆ ಹೇಳಿದಳು, ಮತ್ತೆ ಸುಮ್ಮನಾದಳು. ಮೂರನೇ ಸಲ ಹೆಡ್‌ಫೋನ್ ಕಿತ್ತು ನನ್ನ ಕಡೆ ಎಸೆದಳು.

‘ಯಾವಳ್ಲಾ ಅವ್ಳು? ಬಾಲ ಇಡೀತಾಳೆ, ಪೂರ್ತಿ ಯೋಳಾಕಿಲ್ಲ!’

‘ಅದು ನಿನ್ ದನಿನೇ ಕಣ್ ದೊಡ್ಡವ್ವ.’

‘ನನ್ ಪದಕ್ಕೆ ನಾನೇ ಜೊತೆ ಯೋಳ್ಕಳಾಕೆ ನಂಗೇನ್ ಉಚ್ಚಾ?’

ಹತ್ತು ವರ್ಷದ ನನ್ನ ಜಂಬ ಅಲ್ಲೇ ಇಳಿಯಿತು. ಎಕೋ ಪೆಟ್ಟಿಗೆ ಬಿಚ್ಚಿ ಬೋಳು ಪೆಟ್ಟಿಗೆ ಜೋಡಿಸಿ, ಅದಕ್ಕೆ ಎರಡು ಮೈಕ್ ಸಿಕ್ಕಿಸಿದೆ. ದನಿ ಗಂಟಲಲ್ಲಿ ಹೇಗಿತ್ತೋ ಹಾಗೇ ಬಂತು, ಉಸಿರಿನ ಸಮೇತ. ಇದೇ ನನ್ನ ಮಿಕ್ಸರ್ ಅಂದುಕೊಂಡೆ, ಆ ಆಯ್ಕೆಯ ಬಗ್ಗೆ ಇವತ್ತಿಗೂ ನನಗೆ ಅನುಮಾನವಿಲ್ಲ. ಆದರೆ ದೊಡ್ಡವ್ವ ಒಂದೇ ಸಾಲಿಗೆ ನಿಂತುಬಿಟ್ಟಳು.

‘ಎತ್ಕಳೋರು ಬ್ಯಾಡ್ವಾ? ಆ ಇನ್ನೊಂದ್ ಮೈಕ್ ಯಾಕ್ಲಾ ಮಡಗಿದೀಯ? ನೀನೇ ಎತ್ಕೊ.’

ನಮ್ಮ ಮನೆಯ ಗಂಡಸರು ಸೋಬಾನೆ ಹೇಳಿದ್ದೇ ಇಲ್ಲ. ಆದರೆ ಅವಳ ಮಡಿಲಲ್ಲಿ ಮಲಗಿ ಕೇಳಿದ ಪದ, ಒಂದೊಂದು ಸಾಲೂ ಬಾಯಿಗೆ ಬರುತ್ತಿತ್ತು. ನಾಚಿಕೆ ಬಿಟ್ಟು ಎತ್ತಿಕೊಂಡೆ. ಅವಳು ಹೇಳಿದಳು, ನಾನು ಹೇಳಿದೆ. ಕ್ಯಾಸೆಟ್ಟಿನ ಒಂದು ಮಗ್ಗುಲು ಮುಗಿದಿದ್ದೇ ಗೊತ್ತಾಗಲಿಲ್ಲ.

ದೊಡ್ಡವ್ವ ಎದ್ದು ಸೆರಗು ಕೊಡವಿಕೊಂಡಳು.

‘ಅವ್ಳಂಗೆ ಬರಾಕಿಲ್ಲ ಕಣ್ಲಾ ನಿಂಗೆ,’ ಅಂದಳು. ಹೊಸ್ತಿಲು ದಾಟುವಾಗ ತಿರುಗಿ ನೋಡಿದಳು. ‘ನಾಳೀಕೆ ಬೆಳಿಗ್ಗೇನೇ ಬತ್ತೀನಿ.’